ಮಗುವಿನ ಮಾತು, ಮನೆಯ ಮಾತು: ಡಿಎಲ್‌ಡಿ ಕುರಿತು ಓದುಗರ ಪ್ರಶ್ನೆಗಳು

ವಯಸ್ಸಿಗೆ ತಕ್ಕ ಭಾಷೆ ಬಾರದ ಮಕ್ಕಳ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದು ನಮ್ಮ ವಾಕ್-ಶ್ರವಣ ತಜ್ಞರು ಮತ್ತು ವಿಶೇಷ ಶಿಕ್ಷಕರ ಬಳಗ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಮಗನಿಗೆ ಆರು ವರ್ಷ, ಒಂದನೇ ತರಗತಿ. ಚಿತ್ರ ಬಿಡಿಸುವುದು, ಪಜಲ್ ಜೋಡಿಸುವುದರಲ್ಲಿ ಓರಗೆಯವರಿಗಿಂತ ಮುಂದಿದ್ದಾನೆ. ಮಾತು ಮಾತ್ರ ಮೂರು ವರ್ಷದ ಮಗುವಿನ ಹಾಗೆ. ‘ಅಕ್ಕ ಬಂತು’, ‘ನಾನು ಅಂಗಡಿ ಹೋದ್ರು’ ಅಂತಾನೆ. ತಜ್ಞರು ಡಿಎಲ್‌ಡಿ ಎಂದು ಬರೆದುಕೊಟ್ಟಿದ್ದಾರೆ. ಇದು ಆಟಿಸಂ ಇರಬಹುದೇ? ನಾನು ಸರಿಯಾಗಿ ಮಾತಾಡಿಸದೇ ಹೀಗಾಯಿತು ಎಂದು ಮನೆಯಲ್ಲಿ ಹೇಳುತ್ತಾರೆ. (ತಾಯಿ, ದಾವಣಗೆರೆ)

ಕೊನೆಯ ಮಾತಿಗೆ ಮೊದಲು ಉತ್ತರ: ಇದು ನಿಮ್ಮಿಂದ ಆದದ್ದಲ್ಲ. ಡಿಎಲ್‌ಡಿ, ಅಂದರೆ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಹುಟ್ಟಿನಿಂದಲೇ ಬರುವ ಮಿದುಳಿನ ಬೆಳವಣಿಗೆಯ ವ್ಯತ್ಯಾಸ. ಭಾಷೆಯನ್ನು ಕೇಳಿಸಿಕೊಂಡು ಅದರ ಕಟ್ಟನ್ನು ತಾನೇ ಹಿಡಿಯುವ ಕೆಲಸ ಈ ಮಕ್ಕಳಿಗೆ ಸುಲಭವಾಗಿ ಆಗುವುದಿಲ್ಲ. ವಂಶವಾಹಿಗಳ ಪಾಲು ದೊಡ್ಡದು. ಒಂದೇ ಮನೆತನದಲ್ಲಿ ತಡವಾಗಿ ಮಾತು ಬಂದವರು, ಓದು ಹತ್ತದವರು ಇರುವುದು ಸಾಮಾನ್ಯ. ಹೆಚ್ಚು ಮಾತಾಡಿಸಿದರೆ ಮಗುವಿಗೆ ಸಹಾಯವಾಗುತ್ತದೆ, ಆದರೆ ಕಡಿಮೆ ಮಾತಾಡಿಸಿದ್ದರಿಂದ ಡಿಎಲ್‌ಡಿ ಬರುವುದಿಲ್ಲ.

ಈ ಹೆಸರು ಹೊಸತು. ಹಿಂದೆ ‘ಸ್ಪೆಸಿಫಿಕ್ ಲ್ಯಾಂಗ್ವೇಜ್ ಇಂಪೇರ್‌ಮೆಂಟ್’ ಎನ್ನುತ್ತಿದ್ದರು. ಬ್ರಿಟನ್ನಿನ ಮನೋವಿಜ್ಞಾನಿ ಡೊರೊಥಿ ಬಿಷಪ್ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ ತಜ್ಞರು ಚರ್ಚಿಸಿ 2017ರಲ್ಲಿ ಡಿಎಲ್‌ಡಿ ಎಂಬ ಹೆಸರಿಗೆ ಒಪ್ಪಿದರು. ಬ್ರಿಟನ್ ಮತ್ತು ಅಮೆರಿಕದ ಸಮೀಕ್ಷೆಗಳ ಪ್ರಕಾರ ಶಾಲೆ ಸೇರುವ ವಯಸ್ಸಿನವರಲ್ಲಿ ಶೇ 7ರ ಆಸುಪಾಸಿನ ಮಕ್ಕಳಿಗೆ ಇದು ಇದೆ. 30 ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು. ಆಟಿಸಂಗಿಂತ ಇದು ಹೆಚ್ಚು ಸಾಮಾನ್ಯ. ಆದರೂ ಇದರ ಹೆಸರು ಕೇಳಿದವರು ಕಡಿಮೆ, ಏಕೆಂದರೆ ಮಗುವನ್ನು ನೋಡಿದರೆ ಏನೂ ಕಾಣುವುದಿಲ್ಲ. ‘ಮಂಕು’, ‘ಸೋಮಾರಿ’, ‘ಹೇಳಿದ್ದು ಕೇಳದವನು’ ಎಂಬ ಹಣೆಪಟ್ಟಿಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಆಟಿಸಂ ಇರುವ ಮಗುವಿಗೆ ಮಾತಿನ ಜೊತೆ ಜನರೊಂದಿಗಿನ ಒಡನಾಟದ ರೀತಿಯೂ ಬೇರೆಯಾಗಿರುತ್ತದೆ, ಒಂದೇ ಬಗೆಯ ಆಟ ಅಥವಾ ದಿನಚರಿಯ ಹಟ ಇರುತ್ತದೆ. ಡಿಎಲ್‌ಡಿ ಮಗು ಪದ ಸಿಗದಿದ್ದಾಗ ಕೈ ಹಿಡಿದು ಕರೆದೊಯ್ದು ತೋರಿಸುತ್ತದೆ, ಅಭಿನಯಿಸುತ್ತದೆ, ನಟಿಸಿ ಆಡುತ್ತದೆ. ನಿಮ್ಮ ಮಗನದ್ದು ಇವೆರಡರಲ್ಲಿ ಯಾವುದು ಎಂದು ತೀರ್ಮಾನಿಸಬೇಕಾದವರು ಮಗುವನ್ನು ನೋಡಿದ ತಜ್ಞರು. ಅವರನ್ನು ನೇರವಾಗಿ ಕೇಳಿ. ಜೊತೆಗೆ ಶ್ರವಣ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ. ‘ಕರೆದರೆ ಓಗೊಡುತ್ತಾನೆ’ ಎನ್ನುವುದು ಪರೀಕ್ಷೆಯಲ್ಲ. ನೆಗಡಿಯ ನಂತರ ಕಿವಿಯ ಒಳಗೆ ನೀರು ನಿಂತ ಮಗು ಕರೆದದ್ದನ್ನು ಕೇಳಿಸಿಕೊಳ್ಳುತ್ತದೆ, ಆದರೆ ಪದದ ತುದಿಯ ಸಣ್ಣ ಪ್ರತ್ಯಯಗಳನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಆಡಿಯೊಮೆಟ್ರಿಯ ಜೊತೆ, ಕಿವಿತಮಟೆಯ ಹಿಂದೆ ನೀರು ನಿಂತಿದೆಯೇ ಎಂದು ನೋಡುವ ಟಿಂಪನೊಮೆಟ್ರಿಯನ್ನೂ ಮಾಡಿಸಿ.

ಇನ್ನೊಂದು ಎಚ್ಚರಿಕೆ ಪರೀಕ್ಷೆ ಮಾಡುವವರಿಗೂ ಸೇರಿದ್ದು. ‘ಅಕ್ಕ ಬಂತು’ ಎನ್ನುವುದು ಹವ್ಯಕ ಕನ್ನಡದಲ್ಲಿ ಸರಿಯಾದ ವಾಕ್ಯ. ‘ಬಂದಾನ’, ‘ಹೋಗ್ಯಾಳ’ ಎನ್ನುವುದು ಧಾರವಾಡದ ಕಡೆ ಸರಿಯಾದ ಕ್ರಿಯಾಪದ. ಮಗುವಿನ ಮನೆಯಲ್ಲಿ ದೊಡ್ಡವರು ಹೇಗೆ ಮಾತಾಡುತ್ತಾರೋ ಅದಕ್ಕೆ ಹೋಲಿಸಿಯೇ ತಪ್ಪು-ಸರಿ ಅಳೆಯಬೇಕು, ಪಠ್ಯಪುಸ್ತಕಕ್ಕೆ ಹೋಲಿಸಿ ಅಲ್ಲ. ನಿಮ್ಮ ಮನೆಯಲ್ಲಿ ‘ಅಕ್ಕ ಬಂದ್ಲು’ ಎನ್ನುತ್ತಿದ್ದರೆ ಮಗನದ್ದು ಕ್ರಿಯಾಪದದ ತೊಂದರೆ. ಡಿಎಲ್‌ಡಿ ಇರುವ ಕನ್ನಡ ಮಕ್ಕಳಲ್ಲಿ ಹೆಚ್ಚಾಗಿ ಎಡವುವ ಜಾಗವೇ ಅದು, ವಿಭಕ್ತಿ ಪ್ರತ್ಯಯಗಳ ಜೊತೆಗೆ.

ಪ್ರಶ್ನೆ: ಮನೆಯಲ್ಲಿ ಕನ್ನಡ, ಶಾಲೆ ಇಂಗ್ಲಿಷ್ ಮಾಧ್ಯಮ. ಮಗಳಿಗೆ ಡಿಎಲ್‌ಡಿ ಇದೆ ಎಂದಾಗ ಶಾಲೆಯವರು ‘ಎರಡು ಭಾಷೆ ಗೊಂದಲ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂದರು. ನಾವಿಬ್ಬರೂ ಇಂಗ್ಲಿಷ್‌ನಲ್ಲಿ ಅಷ್ಟಕ್ಕಷ್ಟೆ. (ತಂದೆ, ಬೆಂಗಳೂರು)

ಮನೆಯ ಕನ್ನಡ ಬಿಡಬೇಡಿ. ಎರಡು ಭಾಷೆ ಕೇಳುವುದರಿಂದ ಡಿಎಲ್‌ಡಿ ಬರುವುದೂ ಇಲ್ಲ, ಒಂದನ್ನು ನಿಲ್ಲಿಸಿದರೆ ಹೋಗುವುದೂ ಇಲ್ಲ. ತೊಂದರೆ ಇದ್ದರೆ ಎರಡೂ ಭಾಷೆಯಲ್ಲಿ ಇರುತ್ತದೆ. ಕನ್ನಡ ಚೆನ್ನಾಗಿದ್ದು ಇಂಗ್ಲಿಷ್ ಮಾತ್ರ ಹಿಂದಿದ್ದರೆ ಅದು ಡಿಎಲ್‌ಡಿ ಅಲ್ಲ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗು ಅಷ್ಟೆ. ಆದ್ದರಿಂದ ಮಗಳ ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು ಎಂದು ವಿಚಾರಿಸಿ. ಇಂಗ್ಲಿಷ್‌ನಲ್ಲಿ ಮಾತ್ರ ಆಗಿದ್ದರೆ ಕನ್ನಡದಲ್ಲೂ ನೋಡಲು ಕೇಳಿ. ಕನ್ನಡ ಮಕ್ಕಳಿಗೆಂದೇ ರೂಪಿಸಿದ ಭಾಷಾ ಪರೀಕ್ಷೆಗಳಿವೆ.

ಮನೆಯ ಭಾಷೆ ಬದಲಿಸಿದರೆ ಆಗುವ ನಷ್ಟ ದೊಡ್ಡದು. ನಿಮಗೆ ಸಲೀಸಾಗಿ ಬರದ ಭಾಷೆಯಲ್ಲಿ ನೀವು ಕತೆ ಹೇಳುವುದಿಲ್ಲ, ವಿವರಿಸುವುದಿಲ್ಲ, ತಮಾಷೆ ಮಾಡುವುದಿಲ್ಲ. ‘ಕಮ್’, ‘ಈಟ್’, ‘ಡೋಂಟ್ ಡೂ’ ಎಂಬ ಆಜ್ಞೆಗಳಷ್ಟೇ ಉಳಿಯುತ್ತವೆ. ಮಗುವಿಗೆ ಬೇಕಾದದ್ದು ಪೂರ್ತಿ ವಾಕ್ಯಗಳು. ಅಜ್ಜ ಅಜ್ಜಿಯರ ಜೊತೆಗಿನ ಮಾತೂ ಕಡಿದುಹೋಗುತ್ತದೆ. ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ ಆಗಿದ್ದವರಿಗೂ ಇದೇ ಉತ್ತರ. ಹೊರದೇಶದಲ್ಲಿರುವ ಕನ್ನಡಿಗರಿಗೂ ಇದೇ.

ಶಾಲೆಗೆ ಬೇರೆ ರೀತಿ ನೆರವಾಗಬಹುದು. ಮುಂದಿನ ವಾರದ ಪಾಠದ ಮುಖ್ಯ ಪದಗಳನ್ನು ಶಿಕ್ಷಕಿಯಿಂದ ಪಡೆದು ಅವುಗಳ ಅರ್ಥವನ್ನು ಮೊದಲು ಕನ್ನಡದಲ್ಲೇ ಮನದಟ್ಟು ಮಾಡಿ. ‘ಬೇರು ನೀರು ಹೀರುತ್ತದೆ’ ಎನ್ನುವುದು ಗಿಡ ಕಿತ್ತು ನೋಡಿ ಗೊತ್ತಾದ ಮಗುವಿಗೆ ‘ರೂಟ್’ ಎಂಬುದು ಹೊಸ ಹೆಸರು ಮಾತ್ರ. ಗೊತ್ತಿಲ್ಲದ ಮಗುವಿಗೆ ಎರಡೂ ಹೊಸತು.

ಪ್ರಶ್ನೆ: ಮೊಮ್ಮಗನಿಗೆ ಎರಡೂವರೆ ವರ್ಷ. ಏಳೆಂಟು ಪದ ಬಿಟ್ಟರೆ ಮಾತಿಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಿದ್ದೇನೆ. ನಾಲಿಗೆಯ ಕಟ್ಟು ಕತ್ತರಿಸಬೇಕೆಂದು ಒಬ್ಬರು ಹೇಳಿದರು. ಅವರಪ್ಪನಿಗೂ ತಡವಾಗಿಯೇ ಮಾತು ಬಂದಿದ್ದು, ಕಾಯೋಣವೇ? (ಅಜ್ಜಿ, ತುಮಕೂರು)

ಕಾಯಬೇಡಿ ಅಜ್ಜಿ. ಎರಡು ವರ್ಷಕ್ಕೆ ಸುಮಾರು 50 ಪದ, ‘ಅಮ್ಮ ಬಾ’, ‘ಹಾಲು ಬೇಡ’ ಎಂಬ ಎರಡು ಪದದ ಜೋಡಣೆ ಇರಬೇಕು. ತಡವಾದ ಮಕ್ಕಳಲ್ಲಿ ಹಲವರು ನಾಲ್ಕೈದು ವರ್ಷದೊಳಗೆ ಸರಿಹೋಗುತ್ತಾರೆ, ಹಾಗಾಗಿ ಈ ವಯಸ್ಸಿಗೆ ಡಿಎಲ್‌ಡಿ ಎಂದು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಆದರೆ ಯಾರು ಸರಿಹೋಗುತ್ತಾರೆಂದು ಮೊದಲೇ ತಿಳಿಯುವುದಿಲ್ಲ. ಅಪ್ಪನಿಗೂ ತಡವಾಗಿತ್ತು ಎನ್ನುವುದು ಸಮಾಧಾನವಲ್ಲ, ಬೇಗ ತೋರಿಸಲು ಕಾರಣ. ಹೇಳಿದ್ದು ಅರ್ಥವಾಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಇದ್ದ ಪದಗಳು ನಿಂತುಹೋದರೆ ಈ ವಾರವೇ ಹೊರಡಿ.

ಬಜೆಯಿಂದ ಭಾಷೆ ಬರುವುದಿಲ್ಲ. ಜೇನನ್ನಂತೂ ವರ್ಷ ತುಂಬದ ಕೂಸಿಗೆ ಕೊಡಲೇಬಾರದು, ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ನಾಲಿಗೆಯ ಕಟ್ಟು ಕೆಲವು ಮಕ್ಕಳಿಗೆ ಹಾಲು ಕುಡಿಯಲು, ಅಪರೂಪಕ್ಕೆ ಕೆಲವು ಧ್ವನಿಗಳಿಗೆ ಅಡ್ಡಿಯಾಗಬಹುದು. ಪದಗಳೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಪೀಪಿ ಊದಿಸುವುದು, ತುಟಿ-ನಾಲಿಗೆಯ ಕಸರತ್ತು ಕೂಡ ಭಾಷೆ ಕಲಿಸುವುದಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಎಂಬ ಶೀಘ್ರ ಪತ್ತೆ ಕೇಂದ್ರವನ್ನು ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಭಾಷೆಯ ಬೆಳವಣಿಗೆ ತಡವಾಗುವುದೂ ಸೇರಿದೆ, ಸೇವೆ ಉಚಿತ. ಅಂಗನವಾಡಿಗೆ ಬರುವ ತಂಡಕ್ಕೂ ಹೇಳಬಹುದು. ಊಟದ ಹೊತ್ತಿಗೆ ಮೊಬೈಲ್ ತೆಗೆದಿಡಿ. ಮೊಬೈಲ್‌ನಿಂದ ಡಿಎಲ್‌ಡಿ ಬರುವುದಿಲ್ಲ, ಆದರೆ ನಿಮ್ಮ ಮಾತು ಕಿವಿಗೆ ಬೀಳುವ ಹೊತ್ತನ್ನು ಅದು ತಿನ್ನುತ್ತದೆ.

ಪ್ರಶ್ನೆ: ಥೆರಪಿಗೆ 60 ಕಿಲೊಮೀಟರ್ ಹೋಗಬೇಕು, ಹದಿನೈದು ದಿನಕ್ಕೊಮ್ಮೆ ಮಾತ್ರ ಸಾಧ್ಯ. ಐದು ವರ್ಷದ ಮಗಳಿಗೆ ಮನೆಯಲ್ಲಿ ಏನು ಮಾಡಬಹುದು? ದಿನಾ ಒಂದು ಗಂಟೆ ಕೂರಿಸಿ ಚಾರ್ಟ್ ತೋರಿಸಿ ‘ಇದೇನು, ಇದೇನು’ ಎಂದು ಕೇಳುತ್ತೇನೆ. ಅಳುತ್ತಾಳೆ. (ತಾಯಿ, ಚಿತ್ರದುರ್ಗ ಜಿಲ್ಲೆ)

ನಿಮ್ಮ ಶ್ರಮ ದೊಡ್ಡದು, ಅದನ್ನು ಬೇರೆ ದಾರಿಗೆ ತಿರುಗಿಸೋಣ. ‘ಇದೇನು’ ಎಂದು ಕೇಳುವುದು ಪರೀಕ್ಷೆ. ಗೊತ್ತಿದ್ದನ್ನು ಅಳೆಯುತ್ತದೆ, ಗೊತ್ತಿಲ್ಲದ್ದನ್ನು ಕಲಿಸುವುದಿಲ್ಲ. ಅದೂ ಬರೀ ನಾಮಪದಗಳು. ಮಗಳಿಗೆ ಕಷ್ಟವಾಗಿರುವುದು ಕ್ರಿಯಾಪದ, ಪ್ರತ್ಯಯ, ವಾಕ್ಯ. ಚಾರ್ಟ್ ಎತ್ತಿಡಿ. ದಿನಕ್ಕೆ ಎರಡು ಸಲ, 15 ನಿಮಿಷದಂತೆ, ಆಟದಲ್ಲೋ ಅಡುಗೆಮನೆಯಲ್ಲೋ ಮಾಡಿ.

ಮೂರು ನಾಲ್ಕು ವಾರಕ್ಕೆ ಒಂದೇ ಗುರಿ ಇಟ್ಟುಕೊಳ್ಳಿ. ಥೆರಪಿಸ್ಟ್ ಹೇಳಿದ್ದಿದ್ದರೆ ಅದೇ. ಇಲ್ಲದಿದ್ದರೆ ವಿಭಕ್ತಿಯಿಂದ ಶುರುಮಾಡಬಹುದು. ಒಂದು ಡಬ್ಬ, ಒಂದು ಪಾತ್ರೆ, ಒಂದಿಷ್ಟು ಕಡಲೆಕಾಳು ಸಾಕು. ‘ಕಾಳು ಡಬ್ಬದಲ್ಲಿದೆ. ಡಬ್ಬದಿಂದ ತೆಗೀತೀನಿ. ಪಾತ್ರೆಗೆ ಹಾಕ್ತೀನಿ. ಈಗ ಪಾತ್ರೆಯಲ್ಲಿದೆ.’ ವಸ್ತು ಅದೇ, ಪದ ಅದೇ, ತುದಿ ಮಾತ್ರ ಬದಲಾಗುತ್ತಿದೆ. ಮಗುವಿನ ಗಮನ ತುದಿಗೆ ಹೋಗುವುದು ಹೀಗೆ. ಕನ್ನಡದಲ್ಲಿ ಅರ್ಥದ ಬಹುಪಾಲು ಪದದ ಬಾಲದಲ್ಲಿದೆ, ನಾವು ಬೇಗಬೇಗ ಮಾತಾಡುವಾಗ ನುಂಗುವುದೂ ಅದನ್ನೇ. ಆ ತುದಿಯನ್ನು ಸ್ವಲ್ಪ ನಿಧಾನವಾಗಿ, ಸ್ವಲ್ಪ ಗಟ್ಟಿಯಾಗಿ ಹೇಳಿ. ಆಮೇಲೆ ಮಗಳು ಅಂಗಡಿಯವಳಾಗಲಿ, ನಿಮಗೆ ಹಾಕಿಕೊಡಲಿ.

ಅವಳು ತಪ್ಪು ಹೇಳಿದಾಗ ತಿದ್ದಬೇಡಿ, ಸರಿಯಾಗಿ ಮರಳಿ ಹೇಳಿ. ‘ಅಜ್ಜಿ ಮನೆ ಹೋಯ್ತು’ ಎಂದರೆ ‘ಹೌದು, ಅಜ್ಜಿ ಮನೆಗೆ ಹೋದ್ರು, ಬಸ್ಸಲ್ಲಿ ಹೋದ್ರು’ ಎನ್ನಿ. ನಿಮ್ಮ ಈ ಮರುಹೇಳಿಕೆ ಅವಳ ಮಾತು ಮುಗಿದ ಕೂಡಲೇ ಬರಬೇಕು. ಆಗ ತನ್ನ ವಾಕ್ಯವೂ ನಿಮ್ಮ ವಾಕ್ಯವೂ ಒಟ್ಟಿಗೆ ಕಿವಿಯಲ್ಲಿರುತ್ತವೆ. ಈ 15 ನಿಮಿಷದಲ್ಲಿ ನಿಮಿಷಕ್ಕೆ ಒಂದರಂತೆ ಆದರೂ ಬರಲಿ. ದಿನವಿಡೀ ಅಲ್ಲೊಂದು ಇಲ್ಲೊಂದು ಆದರೆ ಸಾಲದು. ‘ನೀನೂ ಹೇಳು’ ಎಂದು ಒತ್ತಾಯಿಸಬೇಡಿ. ಹೇಳಿದರೆ ಸಂತೋಷ, ಹೇಳದಿದ್ದರೂ ಕೆಲಸ ಆಗುತ್ತಿರುತ್ತದೆ.

ನೀವು ಮಾತಾಡಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಇದು ಹೇಳಿದಷ್ಟು ಸುಲಭವಲ್ಲ, ಮೂರಕ್ಕೇ ಬಾಯಿ ತೆರೆಯುತ್ತದೆ. ಒಂದು ಪ್ರಶ್ನೆ ಕೇಳಿದರೆ ನಾಲ್ಕು ಹೇಳಿಕೆಗಳಿರಲಿ. ಕೇಳಲೇಬೇಕಾದಾಗ ಆಯ್ಕೆ ಕೊಡಿ: ‘ದೋಸೆ ಬೇಕಾ, ಚಪಾತಿ ಬೇಕಾ?’ ಇಲ್ಲೊಂದು ಬಲೆ ಇದೆ. ಅರ್ಥವಾಗದ ಮಗು ಕೊನೆಯ ಪದವನ್ನೇ ಮರಳಿ ಹೇಳುತ್ತದೆ. ಮರುದಿನ ಕ್ರಮ ತಿರುಗಿಸಿ ಕೇಳಿ ನೋಡಿ.

ಹೊಸ ಪದ ವಾರಕ್ಕೆ ಎರಡು ಮೂರು ಸಾಕು, ಅದರಲ್ಲಿ ಒಂದಾದರೂ ಕ್ರಿಯಾಪದ. ‘ಸೋಸು’ ಎಂದಿಟ್ಟುಕೊಳ್ಳಿ. ಸೋಮವಾರ ಟೀ ಸೋಸಿ, ಮಂಗಳವಾರ ಅವಳ ಕೈಲಿ ಹಣ್ಣಿನ ರಸ ಸೋಸಿಸಿ, ಬುಧವಾರ ಮರಳು ನೀರು ಬಟ್ಟೆಯಲ್ಲಿ. ಪದದ ಸದ್ದಿಗೂ ಗಮನ ಕೊಡಿ: ‘ಸೋ’ದಿಂದ ಶುರು, ಎರಡು ಚಪ್ಪಾಳೆ. ಏನಕ್ಕೆ ಸೋಸುತ್ತೇವೆ, ಯಾವುದರಿಂದ, ಆಮೇಲೆ ಏನು ಉಳಿಯುತ್ತದೆ ಎಂದೂ ಮಾತಾಡಿ. ವಾರ ಬಿಟ್ಟು ಮತ್ತೆ ಅದೇ ಪದಕ್ಕೆ ಬನ್ನಿ. ಈ ಮಕ್ಕಳಿಗೆ ಪದ ನಿಲ್ಲಲು ಬೇರೆ ಮಕ್ಕಳಿಗಿಂತ ಎಷ್ಟೋ ಹೆಚ್ಚು ಸಲ ಕೇಳಬೇಕು, ಒಂದೇ ದಿನ ಐವತ್ತು ಸಲ ಹೇಳುವುದಕ್ಕಿಂತ ಹಲವು ದಿನಕ್ಕೆ ಹಂಚುವುದು ಒಳ್ಳೆಯದು.

ರಾತ್ರಿ ಮಲಗುವಾಗ ಆ ದಿನ ಫೋನಿನಲ್ಲಿ ತೆಗೆದ ನಾಲ್ಕು ಫೋಟೊ ತೋರಿಸಿ: ಯಾರು, ಎಲ್ಲಿ, ಏನಾಯ್ತು, ಆಮೇಲೆ. ಮೊದಲ ವಾರ ನೀವೇ ಹೇಳಿ. ಎರಡನೇ ವಾರ ಕೊನೆಯ ಫೋಟೊ ಅವಳಿಗೆ ಬಿಡಿ, ಹೀಗೆ ಹಿಂದಿನಿಂದ ಮುಂದಕ್ಕೆ ಬಿಟ್ಟುಕೊಡುತ್ತ ಬನ್ನಿ. ‘ಆಮೇಲೆ’, ‘ಯಾಕಂದ್ರೆ’ ಎಂಬ ಕೊಂಡಿಗಳು ಬರುವುದು ಕತೆಯಲ್ಲೇ.

ಕೆಡಿಸುವ ಅಭ್ಯಾಸಗಳನ್ನೂ ಹೇಳಬೇಕು. ‘ಪಾಪು ಊಟ’, ‘ಅಮ್ಮ ಬಾತ್‌ರೂಂ’ ಎಂದು ತುದಿ ಕತ್ತರಿಸಿ ಮಾತಾಡಬೇಡಿ. ವಾಕ್ಯ ಚಿಕ್ಕದಿರಲಿ, ಆದರೆ ಪೂರ್ತಿ ಇರಲಿ. ನೆಂಟರ ಮುಂದೆ ‘ಹೇಳು, ಹೇಳು’ ಎಂದು ನಿಲ್ಲಿಸಬೇಡಿ. ಅವಳ ತಪ್ಪನ್ನು ಅಣಕಿಸಿ ನಗುವುದನ್ನು ಮನೆಯಲ್ಲಿ ಕಟ್ಟುನಿಟ್ಟಾಗಿ ತಡೆಯಿರಿ, ಮುದ್ದಿಗಾದರೂ ಸರಿ. ಮಾತು ಬಿಟ್ಟು ಮೌನಕ್ಕೆ ಜಾರಿದ ಮಗುವನ್ನು ಮತ್ತೆ ಮಾತಿಗೆ ತರುವುದು ಬಹಳ ಕಷ್ಟ.

ಹದಿನೈದು ದಿನಕ್ಕೊಮ್ಮೆ ಹೋದಾಗ ನಿಮ್ಮ ಆಟದ ಐದು ನಿಮಿಷದ ವಿಡಿಯೊ ತೋರಿಸಿ. ಮಗುವಿಗೆ ಕೊಡುವ ಅರ್ಧ ಗಂಟೆಗಿಂತ ನಿಮಗೆ ಸಿಗುವ ಆ ಸಲಹೆ ಹೆಚ್ಚು ಬೆಲೆಯದ್ದು. ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕ. ನಾಲ್ಕನೇ ತರಗತಿಯ ಹುಡುಗನೊಬ್ಬ ಬೋರ್ಡ್ ನೋಡಿ ಅಂದವಾಗಿ ನಕಲು ಮಾಡುತ್ತಾನೆ, ಪಾಠವನ್ನು ಗಟ್ಟಿಯಾಗಿ ಓದುತ್ತಾನೆ. ‘ಅರ್ಥವಾಯ್ತಾ’ ಎಂದರೆ ತಲೆಯಾಡಿಸುತ್ತಾನೆ. ಒಂದು ಪ್ರಶ್ನೆಗೂ ಉತ್ತರವಿಲ್ಲ. ಬೇಕೆಂದೇ ಹೀಗೆ ಮಾಡುತ್ತಾನೆಯೇ? (ಶಿಕ್ಷಕರು, ಕೊಪ್ಪಳ ಜಿಲ್ಲೆ)

ಬೇಕೆಂದು ಅಲ್ಲ. ಕನ್ನಡ ಲಿಪಿ ಬರೆದಂತೆ ಓದುವ ಲಿಪಿ. ಒತ್ತಕ್ಷರ ಗುಣಿತಾಕ್ಷರ ಕೈಗೆ ಬಂದರೆ ಅರ್ಥ ತಿಳಿಯದೆಯೂ ಸರಾಗವಾಗಿ ಓದಬಹುದು. ಹಾಗಾಗಿ ನಮ್ಮಲ್ಲಿ ಅರ್ಥಗ್ರಹಿಕೆಯ ತೊಂದರೆ ಚೆನ್ನಾಗಿ ಅಡಗಿಕೊಳ್ಳುತ್ತದೆ. ಡಿಎಲ್‌ಡಿ ಇರುವ ಕೆಲವರಿಗೆ ಅಕ್ಷರ ಬಿಡಿಸಿ ಓದುವ ತೊಂದರೆಯಾದ ಡಿಸ್ಲೆಕ್ಸಿಯಾ ಜೊತೆಗೂಡಿ ಓದೂ ಕಷ್ಟವಾಗುತ್ತದೆ, ಅವರು ಬೇಗ ಕಣ್ಣಿಗೆ ಬೀಳುತ್ತಾರೆ. ಈ ಹುಡುಗನಂಥವರು ಬೀಳುವುದಿಲ್ಲ.

‘ಅರ್ಥವಾಯ್ತಾ’ ಬಿಟ್ಟುಬಿಡಿ. ‘ಈಗ ಮೊದಲು ಏನು ಮಾಡ್ತೀಯ, ತೋರಿಸು’ ಎನ್ನಿ. ಸೂಚನೆಯನ್ನು ನಡೆಯುವ ಕ್ರಮದಲ್ಲೇ ಕೊಡಿ. ‘ಲೆಕ್ಕ ಬರೆಯೋ ಮೊದಲು ದಿನಾಂಕ ಹಾಕಿ’ ಎಂದರೆ ಅವನು ಲೆಕ್ಕ ಬರೆಯಲು ಶುರುಮಾಡುತ್ತಾನೆ, ಏಕೆಂದರೆ ಮೊದಲು ಕೇಳಿದ್ದು ಅದನ್ನೇ. ‘ದಿನಾಂಕ ಹಾಕಿ. ಆಮೇಲೆ ಲೆಕ್ಕ ಬರೀರಿ’ ಎಂದರೆ ಸರಿಯಾಗಿ ಮಾಡುತ್ತಾನೆ. ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಸೂಚನೆ, ಜೊತೆಗೆ ಬೋರ್ಡ್‌ನ ಮೂಲೆಯಲ್ಲಿ ಚಿಕ್ಕ ಚಿತ್ರ.

ಪಠ್ಯದಲ್ಲಿ ತೊಡಕಿನ ಜಾಗ ಹುಡುಕಿ. ‘ನಿನ್ನೆ ಸಂತೆಯಿಂದ ಅಜ್ಜ ತಂದ ಹಣ್ಣನ್ನು ತಿಂದ ಹುಡುಗಿ ನಕ್ಕಳು’ ಎಂಬ ವಾಕ್ಯದಲ್ಲಿ ಮೂರು ಕೆಲಸ, ಇಬ್ಬರು ಜನ. ನಕ್ಕವರು ಯಾರೆಂದು ಕೊನೆಯವರೆಗೂ ತಲೆಯಲ್ಲಿ ಹಿಡಿದಿಡಬೇಕು. ‘ಅಜ್ಜ ಸಂತೆಗೆ ಹೋದ. ಹಣ್ಣು ತಂದ. ಹುಡುಗಿ ಹಣ್ಣು ತಿಂದಳು. ನಕ್ಕಳು’ ಎಂದು ಬಿಡಿಸಿ, ಯಾರು ಮಾಡಿದರೋ ಅದಕ್ಕೆ ಒಂದು ಬಣ್ಣ, ಏನು ಮಾಡಿದರೋ ಅದಕ್ಕೆ ಇನ್ನೊಂದು ಬಣ್ಣದ ಗೆರೆ ಎಳೆಸಿ. ಬಿಡಿಸಿದ್ದು ಗಟ್ಟಿಯಾದ ಮೇಲೆ ಮತ್ತೆ ಜೋಡಿಸುವುದನ್ನು ಕಲಿಸಿ. ಅಲ್ಲಿಗೇ ನಿಲ್ಲಿಸಿದರೆ ಮುಂದಿನ ತರಗತಿಯ ಪುಸ್ತಕ ಅವನಿಗೆ ತೆರೆಯುವುದಿಲ್ಲ. ಊರಿನ ಮಾತಿಗೂ ಪುಸ್ತಕದ ‘ಹೋಗುತ್ತಾನೆ’, ‘ಮಾಡಲಾಯಿತು’ಗಳಿಗೂ ಇರುವ ದೂರ ಬೇರೆ ಮಕ್ಕಳಿಗೆ ತಾನಾಗಿ ದಾಟಿಹೋಗುತ್ತದೆ, ಇವನಿಗೆ ಹೇಳಿಕೊಡಬೇಕು.

ಲೆಕ್ಕದಲ್ಲೂ ನೋಡಿ. 12ಕ್ಕೆ 5 ಕೂಡಿಸಬಲ್ಲವನು ‘ರವಿಗಿಂತ ಗೀತಾಳ ಬಳಿ 5 ಗೋಲಿ ಹೆಚ್ಚಿವೆ’ ಎಂಬಲ್ಲಿ ಸಿಕ್ಕಿಬೀಳುತ್ತಾನೆ. ಗೋಲಿ ಇಟ್ಟು ಆಡಿಸಿ. ಪಾಠದ ಹಿಂದಿನ ದಿನ ಐದೇ ನಿಮಿಷ ಅವನಿಗೆ ನಾಲ್ಕು ಮುಖ್ಯ ಪದ ಹೇಳಿಕೊಟ್ಟರೆ ಮರುದಿನ ಅವನು ಕೈ ಎತ್ತುವುದನ್ನು ನೀವೇ ಕಾಣುತ್ತೀರಿ.

ವಿವರ ಬರೆದು ಬ್ಲಾಕ್ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರಿಗೆ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೆ, ಕೊಡಿ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಗೆ ಬರುವ ತಂಡಕ್ಕೂ ತೋರಿಸಿ. ‘ದಡ್ಡ’ ಎಂದು ಬರೆಯದೆ, ಅವನು ಹೇಳಿದ ಐದಾರು ವಾಕ್ಯಗಳನ್ನು ಇದ್ದ ಹಾಗೆಯೇ ಬರೆಯಿರಿ. ತಜ್ಞರಿಗೆ ಅದಕ್ಕಿಂತ ಉಪಯುಕ್ತ ದಾಖಲೆ ಇಲ್ಲ.

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಡಿಎಲ್‌ಡಿ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ ರಿಯಾಯಿತಿ ಸಿಗುತ್ತದೆಯೇ? ಬರೆಯುವವರನ್ನು ಕೊಡಿಸಬೇಕೇ? (ತಂದೆ, ಮಂಗಳೂರು)

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಡಿಎಲ್‌ಡಿ ಎಂಬ ಹೆಸರಿಲ್ಲ. ‘ವಾಕ್ ಮತ್ತು ಭಾಷಾ ವೈಕಲ್ಯ’ ಎಂಬ ವಿಧ ಧ್ವನಿಪೆಟ್ಟಿಗೆ ತೆಗೆದವರು, ಅಫೇಸಿಯಾ (ಮಿದುಳಿಗೆ ಪೆಟ್ಟಾಗಿ ಭಾಷೆ ಕಳೆದುಕೊಳ್ಳುವುದು) ಆದವರಂಥವರನ್ನು ಕುರಿತದ್ದು. ಆದರೆ ‘ನಿರ್ದಿಷ್ಟ ಕಲಿಕಾ ವೈಕಲ್ಯ’ದ ವ್ಯಾಖ್ಯಾನದಲ್ಲಿ ಮಾತಿನ ಅಥವಾ ಬರಹದ ಭಾಷೆಯನ್ನು ಗ್ರಹಿಸುವ ಕೊರತೆಯೂ, ‘ಡೆವಲಪ್‌ಮೆಂಟಲ್ ಅಫೇಸಿಯಾ’ ಎಂಬ ಹಳೆಯ ಹೆಸರೂ ಇವೆ. ಹೆಚ್ಚಿನ ಮಕ್ಕಳಿಗೆ ದಾರಿ ತೆರೆಯುವುದು ಈ ಬಾಗಿಲಲ್ಲೇ, ಓದು ಬರಹದ ಪರೀಕ್ಷೆಯೂ ಆದ ಮೇಲೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮೂರನೇ ಭಾಷೆಯ ವಿನಾಯಿತಿಗಳನ್ನು ಹೆಸರಿಸುತ್ತದೆ. ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಯನ್ನು ಕೇಳಿ. ಮೌಲ್ಯಮಾಪನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಸರದಿಗೆ ತಿಂಗಳುಗಳು ಹಿಡಿಯಬಹುದು, ಆದ್ದರಿಂದ ಹತ್ತನೇ ತರಗತಿಗೆ ಕಾಯದೆ ಈಗಲೇ ಹೊರಡಿ. ರಾಜ್ಯ ಮಂಡಳಿಗೆ ಅರ್ಜಿ ಹೋಗುವುದು ಶಾಲೆಯ ಮೂಲಕ. ಮುಖ್ಯೋಪಾಧ್ಯಾಯರ ಬಳಿ ಆ ವರ್ಷದ ಸುತ್ತೋಲೆ ಕೇಳಿ. ಸಿಬಿಎಸ್‌ಇ ಓದುವವರಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯವಿದೆ.

ಬರಹಗಾರರ ವಿಷಯದಲ್ಲಿ ಯೋಚಿಸಿ. ಕೈಬರಹ ಕಷ್ಟವಿರುವ ಮಗುವಿಗೆ ಅದು ವರ. ನಿಮ್ಮ ಮಗಳ ಕಷ್ಟ ವಾಕ್ಯ ಕಟ್ಟುವುದರಲ್ಲಿದ್ದರೆ, ಬರೆಯಲು ಇನ್ನೊಬ್ಬರು ಕೂತಾಗ ಅಪರಿಚಿತರ ಮುಂದೆ ಬಾಯಿಬಿಟ್ಟು ಹೇಳಬೇಕಾಗಿ ಇನ್ನಷ್ಟು ತಡವರಿಸಬಹುದು. ಅಂಥವರಿಗೆ ಹೆಚ್ಚುವರಿ ಸಮಯ ಮತ್ತು ಭಾಷೆಯ ವಿನಾಯಿತಿ ಹೆಚ್ಚು ಉಪಯೋಗ. ಶಾಲೆಯ ಕಿರುಪರೀಕ್ಷೆಗಳಲ್ಲಿ ಎರಡೂ ರೀತಿ ಬರೆಸಿ ನೋಡಿ, ಉತ್ತರ ಪತ್ರಿಕೆಗಳನ್ನು ಹೋಲಿಸಿ, ಅವಳಿಗೆ ಯಾವುದು ಹಿತ ಎಂದು ಅವಳನ್ನೇ ಕೇಳಿ. ‘ವಿವರಿಸಿ’, ‘ಹೋಲಿಸಿ’, ‘ಸಮರ್ಥಿಸಿ’, ‘ಪಟ್ಟಿ ಮಾಡಿ’ ಎಂಬ ಪದಗಳಲ್ಲಿ ಪ್ರತಿಯೊಂದೂ ಏನನ್ನು ಬೇಡುತ್ತದೆ ಎಂದು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ವಾರಕ್ಕೆ ಒಂದರಂತೆ ಕಲಿಸಿ. ವಿಷಯ ಗೊತ್ತಿದ್ದೂ ಅಂಕ ಹೋಗುವುದು ಬಹಳ ಸಲ ಅಲ್ಲಿಯೇ.